‘ಮೆಳೆಯೊಳಗೆ’ ಕಥೆಯ ಮಸಾಗೊ: ಪ್ರೇತಸಾಕ್ಷ್ಯ ಮತ್ತು ಓದುಗರ ಊಹೆಗಳು

ಜಪಾನಿ ಕಥೆಗಾರ ಅಕುತಗಾವ ರ್‍ಯೂನೊಸುಕೆ (1892-1927) ಬರೆದ ‘ಯಾಬು ನೊ ನಾಕ’ (ಮೆಳೆಯೊಳಗೆ) 1922ರಲ್ಲಿ ಪ್ರಕಟವಾಯಿತು. ಕುರೊಸಾವ ನಿರ್ದೇಶನದ ‘ರಾಶೊಮೊನ್’ (1950) ಚಲನಚಿತ್ರದ ಮುಖ್ಯ ಕಥಾಭಾಗ ಇದೇ. ಚಿತ್ರದ ಹೆಸರು ಮಾತ್ರ ಅಕುತಗಾವನ ಬೇರೊಂದು ಕಥೆಯದು. ಬಿದಿರಮೆಳೆಯೊಂದರಲ್ಲಿ ತಾಕೆಹಿರೊ ಎಂಬ ಸಮುರಾಯಿಯ ಹೆಣ ಸಿಕ್ಕಿದೆ. ಅವನ ಹೆಂಡತಿ ಮಸಾಗೊ ಅತ್ಯಾಚಾರಕ್ಕೊಳಗಾಗಿದ್ದಾಳೆ. ಏಳು ಜನರ ಹೇಳಿಕೆಗಳಷ್ಟೇ ಕಥೆ. ವಿಚಾರಣಾಧಿಕಾರಿಯ ಪ್ರಶ್ನೆಗಳಾಗಲಿ ತೀರ್ಪಾಗಲಿ ಇಲ್ಲ. ಏಳನೆಯ ಹೇಳಿಕೆ ಸತ್ತವನದು. ಪ್ರೇತವು ಮಾಧ್ಯಮಳಾದ ಹೆಣ್ಣೊಬ್ಬಳ ಮೈಮೇಲೆ ಬಂದು ನುಡಿಯುತ್ತದೆ.

ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಪ್ರತಿಯೊಬ್ಬನೂ ಕೊಲೆಯನ್ನು ಅಲ್ಲಗಳೆಯುತ್ತಾನೆ. ಇಲ್ಲಿ ಮೂವರೂ ಅದನ್ನು ತಮ್ಮದೆನ್ನುತ್ತಾರೆ. ದರೋಡೆಕೋರ ತಾಜೊಮಾರು ತಾನು ದ್ವಂದ್ವಯುದ್ಧದಲ್ಲಿ, ಇಪ್ಪತ್ತಮೂರನೆಯ ಹೊಡೆತದಲ್ಲಿ ಕೊಂದೆನೆನ್ನುತ್ತಾನೆ. ಮಸಾಗೊ ತಾನು ಕಿರುಗತ್ತಿಯಿಂದ ತಿವಿದೆನೆನ್ನುತ್ತಾಳೆ. ಪ್ರೇತವು ತನ್ನದು ಆತ್ಮಹತ್ಯೆಯೆನ್ನುತ್ತದೆ. ಹೀಗಾಗಿ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದರೆಂಬ ಸುಲಭ ವಿವರಣೆ ಆರಂಭದಲ್ಲಿಯೇ ಬಿದ್ದುಹೋಗುತ್ತದೆ. ಓದುಗರ ಕುತೂಹಲ ‘ಯಾರು ಕೊಂದರು’ ಎಂಬುದರಿಂದ ‘ಮಸಾಗೊ ಏನನ್ನು ಬಯಸಿದ್ದಳು’ ಎಂಬುದಕ್ಕೆ ತಿರುಗುವುದು ಈ ಕಾರಣದಿಂದಲೇ.

ಈ ಪ್ರಶ್ನೆಗೆ ಓದುಗರು ಕಟ್ಟಿಕೊಂಡಿರುವ ಊಹೆಗಳು ಹಲವು. ಅವಳು ದರೋಡೆಕೋರನಲ್ಲಿ ಅನುರಕ್ತಳಾಗಿ ಗಂಡನ ಸಾವನ್ನು ಬಯಸಿದಳೆಂಬುದು ಒಂದು. ತನ್ನ ಅಪಮಾನವನ್ನು ಕಂಡ ಕಣ್ಣುಗಳು ಉಳಿಯಬಾರದೆಂಬ ಲಜ್ಜೆಯೇ ಕಾರಣವೆಂಬುದು ಇನ್ನೊಂದು. ಅವಳದು ಬದುಕುಳಿಯುವ ಜಾಣತನವಷ್ಟೇ ಎನ್ನುವವರೂ ಉಂಟು. ಇವುಗಳಲ್ಲಿ ಮೊದಲನೆಯದಕ್ಕೆ ಹೆಚ್ಚಿನ ಬಲ ದೊರೆಯುವುದು ಪ್ರೇತದ ಮಾತಿನಿಂದ. ದರೋಡೆಕೋರನ ಜೊತೆ ಹೊರಟ ಮಸಾಗೊ ‘ಇವನನ್ನು ಕೊಲ್ಲು’ ಎಂಬ ಅರ್ಥದ ಮಾತನ್ನಾಡಿದಳೆಂದು ಹೇಳುವುದು ಪ್ರೇತವೇ. ಸತ್ತವರಿಗೆ ಸುಳ್ಳಾಡಬೇಕಾದ ಅಗತ್ಯವೇನೆಂಬ ನಂಬಿಕೆ ಈ ಊಹೆಯ ಬೆನ್ನಿಗಿದೆ. ಸಾಕ್ಷ್ಯವು ಕೊನೆಯಲ್ಲಿ ಬರುವುದೂ ಅದಕ್ಕೆ ತೀರ್ಪಿನ ಗಾಂಭೀರ್ಯವನ್ನು ತಂದುಕೊಟ್ಟಿದೆ.

ಈ ನಂಬಿಕೆಯನ್ನು ಕಥೆಯ ಆಕರಗಳ ಬೆಳಕಿನಲ್ಲಿ ಪರೀಕ್ಷಿಸಬೇಕಾಗುತ್ತದೆ. ‘ಕೊಂಜಾಕು ಮೊನೊಗತಾರಿ’ ಸಂಕಲನದ ಹಳೆಯ ಕಥೆಯಲ್ಲಿ ಕೊಲೆಯೇ ಇಲ್ಲ, ಪ್ರೇತವೂ ಇಲ್ಲ. ಕಟ್ಟಿಹಾಕಿಸಿಕೊಂಡ ಗಂಡನ ಕೈಲಾಗದತನವನ್ನು ಹೆಂಡತಿ ಹಳಿಯುತ್ತಾಳೆ, ಇಬ್ಬರೂ ಪಯಣ ಮುಂದುವರಿಸುತ್ತಾರೆ. ಪ್ರೇತಸಾಕ್ಷ್ಯದ ತಂತ್ರಕ್ಕೆ ವಿದ್ವಾಂಸರು ಗುರುತಿಸುವ ಪ್ರೇರಣೆ ಅಮೆರಿಕದ ಆಂಬ್ರೋಸ್ ಬಿಯರ್ಸ್‌ನ ‘ದಿ ಮೂನ್‌ಲಿಟ್ ರೋಡ್’ (1907). ಅಲ್ಲಿಯೂ ಸತ್ತ ಹೆಂಡತಿ ಮಾಧ್ಯಮದ ಮೂಲಕ ಮಾತನಾಡುತ್ತಾಳೆ. ಆದರೆ ತನ್ನನ್ನು ಕೊಂದವನು ತನ್ನ ಗಂಡನೇ ಎಂಬುದು ಅವಳಿಗೆ ತಿಳಿದಿಲ್ಲ! ಸಾವು ಸರ್ವಜ್ಞತೆಯನ್ನು ಕೊಡುವುದಿಲ್ಲವೆಂಬುದು ಆ ಕಥೆಯ ಮರ್ಮ. ಅದನ್ನು ಬಲ್ಲ ಲೇಖಕನೊಬ್ಬ ತನ್ನ ಪ್ರೇತಕ್ಕೆ ಪ್ರಶ್ನಾತೀತ ಸತ್ಯವನ್ನು ವಹಿಸಿದನೆನ್ನುವುದು ಒಪ್ಪತಕ್ಕ ಮಾತಲ್ಲ.

ತಾಕೆಹಿರೊನ ಪ್ರೇತಕ್ಕೆ ಕಾಪಾಡಿಕೊಳ್ಳಬೇಕಾದದ್ದೂ ಇದೆ. ನಿಧಿಯಾಸೆಗೆ ಬಲಿಬಿದ್ದು, ಮರಕ್ಕೆ ಕಟ್ಟಿಹಾಕಿಸಿಕೊಂಡು, ಹೆಂಡತಿಯ ಮೇಲಿನ ಅತ್ಯಾಚಾರವನ್ನು ನೋಡುತ್ತ ಕುಳಿತವನು ಅವನು. ಆತ್ಮಹತ್ಯೆ ಅವನಿಗೆ ಯೋಧನ ಮಾನವನ್ನು ಮರಳಿಸುತ್ತದೆ. ಇದಕ್ಕಿಂತಲೂ ಗಮನಾರ್ಹವಾದುದು ಅವನ ಕ್ಷಮೆಯ ವಿತರಣೆ: ಹೆಂಡತಿಯನ್ನು ಒದ್ದು ಕೆಡವಿ, ಅವಳನ್ನು ಕೊಲ್ಲಲೇ ಬಿಡಲೇ ಎಂದು ಕೇಳಿದ ಮಾತೊಂದಕ್ಕಾಗಿಯೇ ದರೋಡೆಕೋರನ ಅಪರಾಧವನ್ನು ಕ್ಷಮಿಸಲು ಅವನು ಸಿದ್ಧ. ಹೆಂಡತಿಗೆ ಮಾತ್ರ ಕ್ಷಮೆಯಿಲ್ಲ. ಈ ಆರೋಪವನ್ನು ನುಡಿಯುತ್ತಿರುವ ಬಾಯಿ ಇನ್ನೊಬ್ಬ ಹೆಣ್ಣಿನದು ಎಂಬ ವ್ಯಂಗ್ಯ ಊಹೆಗಾರರ ಕಣ್ಣಿಗೆ ಬಿದ್ದಂತಿಲ್ಲ.

ಮೂರು ಹೇಳಿಕೆಗಳನ್ನು ಎದುರುಬದುರಿಟ್ಟು ನೋಡಿದಾಗ, ಮೂರರಲ್ಲಿಯೂ ಮಸಾಗೊ ಒಂದು ಸಾವನ್ನು ಕೇಳುತ್ತಾಳೆ. ತಾಜೊಮಾರುವಿನ ಪ್ರಕಾರ ಇಬ್ಬರು ಗಂಡಸರಲ್ಲಿ ಒಬ್ಬನು ಸಾಯಬೇಕು, ಉಳಿದವನ ಜೊತೆ ಅವಳು ಹೋಗುತ್ತಾಳೆ. ಪ್ರೇತದ ಪ್ರಕಾರ ಗಂಡನೇ ಸಾಯಬೇಕು. ಅವಳದೇ ಮಾತಿನಲ್ಲಿ ಗಂಡನೂ ತಾನೂ ಸಾಯಬೇಕು. ತನ್ನ ಸಾವನ್ನೂ ಲೆಕ್ಕಕ್ಕೆ ಸೇರಿಸುವುದು ಅವಳ ಹೇಳಿಕೆಯಲ್ಲಿ ಮಾತ್ರ. ಗಂಡಸರಿಬ್ಬರ ಹೇಳಿಕೆಗಳಲ್ಲಿ ಅವಳಿಗೆ ಬದುಕುವ ಸ್ವಾರ್ಥವಷ್ಟೇ ಇದೆ. ಅವಳನ್ನು ಆ ನಿರ್ಧಾರಕ್ಕೆ ನೂಕಿದ್ದು ದರೋಡೆಕೋರನ ಬಲಾತ್ಕಾರಕ್ಕಿಂತ ಹೆಚ್ಚಾಗಿ ಗಂಡನ ಕಣ್ಣಿನಲ್ಲಿ ಕಂಡ ತಣ್ಣನೆಯ ತಿರಸ್ಕಾರ. ಆ ನೋಟದ ಪ್ರಸ್ತಾಪ ಬೇರೆ ಯಾರ ಹೇಳಿಕೆಯಲ್ಲಿಯೂ ಇಲ್ಲ, ಇರುವುದು ಸಾಧ್ಯವೂ ಇಲ್ಲ. ನೋಟವನ್ನು ಬೀರಿದವನು ಅದನ್ನು ಒಪ್ಪಿಕೊಳ್ಳಲಾರ. ದರೋಡೆಕೋರನಿಗೆ ಅದು ಬೇಕಿಲ್ಲ. ಅವಳ ಮಾತೇ ಸತ್ಯವೆಂದು ಇದರಿಂದ ಸಿದ್ಧವಾಗದು. ಆದರೆ ಅವಳ ಉದ್ದೇಶವನ್ನು ಗಂಡನ ಬಾಯಿಂದಲೇ ಕೇಳಿ ತೀರ್ಮಾನಿಸುವ ಓದು ಅದೇ ನೋಟವನ್ನು ಎರವಲು ಪಡೆಯುತ್ತದೆ.

ಜಪಾನಿನಲ್ಲಿ 1970ರಲ್ಲಿ ನಕಮುರ ಮಿತ್ಸುಒ, ಫುಕುದ ತ್ಸುನೆಅರಿ, ಓಓಕ ಶೋಹೆಯ್ ಈ ಕಥೆಯನ್ನು ಕುರಿತು ವಾದ ಹೂಡಿದ್ದರು. ನಿಜ ತಿಳಿಯಲಾಗದ ಸಂಗತಿಗೆ ಅಲ್ಲಿಯ ಜನ ಆಡುಮಾತಿನಲ್ಲಿ ‘ಮೆಳೆಯೊಳಗೆ’ ಎಂದೇ ಹೇಳುತ್ತಾರೆ.

ಏಳು ಹೇಳಿಕೆಗಳ ನಡುವೆ ಮಸಾಗೊಳ ತಾಯಿಯದೂ ಒಂದಿದೆ. ಅದು ಚಿಕ್ಕದು, ಊಹೆಗಾರರು ಹೆಚ್ಚಾಗಿ ದಾಟಿಹೋಗುವಂಥದು. ಮಗಳಿಗೆ ಹತ್ತೊಂಬತ್ತು ವರ್ಷ, ಗಂಡಸಿನಂಥ ಗಟ್ಟಿ ಮನಸ್ಸು, ಅವಳು ಏನಾದಳೆಂದು ಹುಡುಕಿಸಿರಿ ಎಂಬುದು ಆ ಮುದುಕಿಯ ಬೇಡಿಕೆ. ಕೊಂದವರಾರೆಂದು ಆಕೆ ಕೇಳುವುದಿಲ್ಲ.