ಇಂಗ್ಲಿಷ್ ಕಾಗುಣಿತ: ಮಗುವಿನ ತಪ್ಪಿನ ಹಿಂದಿನ ತರ್ಕ

ಆಸ್ಪರಿ ರೈಲು ನಿಲ್ದಾಣದ ಇಂಗ್ಲಿಷ್ ನಾಮಫಲಕವನ್ನು ಓದಲು ಕಲಿಯುವ ಮಗುವಿಗೆ ಸಂದೇಹವೊಂದು ಮೂಡುವುದು ಸಹಜ. ಊರಿನ ಹೆಸರಿನ ಮೊದಲಕ್ಷರ ದೀರ್ಘ ‘ಆ’. ನಡುವಿನ ‘ಪ’ದಲ್ಲಿರುವುದು ಹ್ರಸ್ವ ‘ಅ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಎ’ ಒಂದೇ. ಆದೋನಿಯ ‘ದ’ಕ್ಕೂ ಡಬ್ಬಿಯ ‘ಡ’ಕ್ಕೂ ‘ಡಿ’ ಒಂದೇ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಇಂಗ್ಲಿಷಿನಲ್ಲಾದರೋ ಸುಮಾರು 44 ಧ್ವನಿಗಳ ಭಾರವನ್ನು ಲ್ಯಾಟಿನ್ ಮೂಲದ 26 ಅಕ್ಷರಗಳೇ ಹೊರಬೇಕು.

ಉಕ್ತಲೇಖನದಲ್ಲಿ ‘ನೈಫ್’ ಎಂದೊಡನೆ ಕನ್ನಡ ಮಾಧ್ಯಮದ ಮಗು ಎನ್, ಎ, ಐ, ಎಫ್ ಎಂದು ಬರೆಯುತ್ತದೆ. ಕೇಳಿದಂತೆ ಬರೆ ಎಂದು ಒಂದನೆಯ ತರಗತಿಯಿಂದ ಕಲಿಸಿದವರು ನಾವೇ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಇಂತಹ ಉತ್ತರಗಳಿಗೆ ಸೊನ್ನೆ ಹಾಕಿ, ಹತ್ತು ಸಲ ಬರೆಸಿದ್ದೇನೆ. ಆ ಮಕ್ಕಳಲ್ಲಿ ಕೆಲವರು ಆಮೇಲೆ ಇಂಗ್ಲಿಷ್ ಅವಧಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟರು. ಅವರು ‘ಆ ಕೆ ಏಕೆ ಸಾರ್?’ ಎಂದು ಕೇಳಿದ್ದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಉಚ್ಚಾರಣೆ ‘ಕ್ನೀಫ್’ ಎಂದೇ ಇತ್ತು. 1476ರಲ್ಲಿ ಕ್ಯಾಕ್ಸ್ಟನ್ ವೆಸ್ಟ್‌ಮಿನ್ಸ್ಟರಿನಲ್ಲಿ ಮುದ್ರಣಾಲಯ ತೆರೆದಾಗಲೂ ಜನ ಆ ‘ಕ್’ ಅನ್ನು ಉಚ್ಚರಿಸುತ್ತಿದ್ದರು. ಮುದ್ರಣ ಹಬ್ಬಿದಂತೆ ಬರಹ ಕ್ರಮೇಣ ಸ್ಥಿರವಾಯಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ. ದೀರ್ಘ ‘ಈ’ ಸರಿದು ‘ಐ’ ಆಯಿತು, ಹದಿನೇಳನೆಯ ಶತಮಾನದ ಹೊತ್ತಿಗೆ ಮೊದಲಿನ ‘ಕ್’ ಉದುರತೊಡಗಿತು. ‘ನೈಟ್’ ಪದದ ಜಿ, ಎಚ್ ಕೂಡ ಹೀಗೆ ಉಳಿದ ಗುರುತು. ಅದರ ಸೋದರ ಪದವಾದ ಜರ್ಮನಿನ ‘ನಾಖ್ಟ್’ನಲ್ಲಿ ಆ ಧ್ವನಿ ಇಂದಿಗೂ ಕೇಳುತ್ತದೆ.

ಇದನ್ನು ಮಕ್ಕಳಿಗೆ ತಿಳಿಸಲು ನಮ್ಮ ಸೀಮೆಗಿಂತ ಅನುಕೂಲವಾದ ಸ್ಥಳವಿಲ್ಲ. ಮನೆಯಲ್ಲಿ ‘ಹಾಲು’, ‘ಹುಲಿ’ ಎನ್ನುವ ಮಗು ನೆರೆಮನೆಯ ತೆಲುಗಿನಲ್ಲಿ ‘ಪಾಲು’, ‘ಪುಲಿ’ ಎಂಬುದನ್ನು ಕೇಳುತ್ತದೆ. ಹಳಗನ್ನಡದಲ್ಲಿಯೂ ಇವು ಪಕಾರದವೇ. ಉಚ್ಚಾರಣೆ ಹಕಾರಕ್ಕೆ ತಿರುಗಿದಾಗ ಕನ್ನಡಿಗರು ಬರಹವನ್ನೂ ತಿದ್ದಿಕೊಂಡರು. ಱ, ೞ ಅಕ್ಷರಗಳನ್ನೂ ಬಿಟ್ಟುಕೊಟ್ಟರು. ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುವ ಪದ್ಧತಿ ನಮ್ಮಲ್ಲಿ ಉಳಿದಿದ್ದರೆ ಹೇಗಿರುತ್ತಿತ್ತೆಂದು ಕೇಳಿನೋಡಿ. ತರಗತಿ ನಗುತ್ತದೆ, ವಿಷಯವೂ ಹಿಡಿಯುತ್ತದೆ.

ಎಲ್ಲ ಮೂಕಾಕ್ಷರಗಳೂ ಹಳೆಯ ಉಚ್ಚಾರಣೆಯ ಗುರುತುಗಳಲ್ಲ. ಸಾಲ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ನೆನಪಾಗಲೆಂದು ಪಂಡಿತರು ತುರುಕಿದರು. ದ್ವೀಪವಾಚಿಯಾದ ‘ಐಲ್ಯಾಂಡ್’ನ ‘ಎಸ್’ ಅಂತೂ ಶುದ್ಧ ತಪ್ಪು ತಿಳುವಳಿಕೆಯ ಫಲ. ಪಂಡಿತರ ತಪ್ಪಿಗೆ ಸೊನ್ನೆ ಹಾಕಿದವರಿಲ್ಲ!

‘ಫೋಟೋ’, ‘ಸ್ಕೂಲ್’ ಪದಗಳಿಗೆ ಕನ್ನಡ ಶಿಕ್ಷಕರೇ ಚೆನ್ನಾಗಿ ವಿವರಣೆ ಕೊಡಬಲ್ಲರು. ಪ್ರಾಚೀನ ಗ್ರೀಕಿನಲ್ಲಿ ನಮ್ಮ ಖ, ಥ, ಫಗಳಂತಹ ಮಹಾಪ್ರಾಣಗಳಿದ್ದವು. ರೋಮನ್ನರು ಅವನ್ನು ಅಲ್ಪಪ್ರಾಣದ ಮುಂದೆ ‘ಎಚ್’ ಇಟ್ಟು ಬರೆದರು. ‘ಸ್ಕೂಲ್’ನ ಸಿ, ಎಚ್ ಮೂಲತಃ ‘ಖ್’. ‘ಫೋಟೋ’ದ ಪಿ, ಎಚ್ ಮೂಲತಃ ‘ಫಲ’ ಶಬ್ದದ ಫಕಾರ. ಗ್ರೀಕರ ನಾಲಿಗೆಯಲ್ಲಿ ಅದು ‘ಎಫ್’ ಧ್ವನಿಯಾದದ್ದು ಆಮೇಲೆ. ಇದನ್ನು ಎಂಟನೆಯ ತರಗತಿಗೆ ಮೀಸಲಿಡುವುದು ಮೇಲು.

ಕೆಳಗಿನ ತರಗತಿಗಳಲ್ಲಿ ಮೊಣಕಾಲಿನ ‘ನೀ’, ಗಂಟಿನ ‘ನಾಟ್’, ತಿಳಿಯುವ ‘ನೋ’ ಪದಗಳನ್ನು ‘ನೈಫ್’ ಜೊತೆ ಒಂದೇ ದಿನ ಕಲಿಸಿರಿ. ಮೊದಲು ‘ಕ್ನೀ’, ‘ಕ್ನಾಟ್’ ಎಂದು ಹಳೆಯ ರೀತಿಯಲ್ಲಿ ಗಟ್ಟಿಯಾಗಿ ಓದಿಸಿ, ನಂತರ ಇಂದಿನ ಉಚ್ಚಾರಣೆಗೆ ಬನ್ನಿರಿ. ಪರೀಕ್ಷೆಯಲ್ಲಿ ರೂಢಿಯ ಕಾಗುಣಿತವನ್ನೇ ಬರೆಯಬೇಕೆಂಬುದನ್ನು ಮುಚ್ಚಿಡಬಾರದು. ಅಭ್ಯಾಸ ಪುಸ್ತಕದಲ್ಲಿ ಮಾತ್ರ ಇಡೀ ಪದದ ಮೇಲೆ ಗೆರೆ ಎಳೆಯದೆ, ಧ್ವನಿಗೆ ಸರಿಹೊಂದುವ ಅಕ್ಷರಗಳ ಕೆಳಗೆ ಸರಿ ಗುರುತು ಹಾಕಿ, ಬಿಟ್ಟುಹೋದ ‘ಕೆ’ಯನ್ನು ಮಗುವಿನ ಕೈಯಿಂದಲೇ ಸೇರಿಸಿರಿ.