ಸಮುದ್ರಕ್ಕೆ ಇಳಿಯುವ ಮುನ್ನ: ಅಲೆ, ಭರತ, ಇಳಿತ ತಿಳಿಯೋಣ

(ಸಂಘದ ವಾರದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಬೇಕು)



ಸುಗ್ಗಿ ಮುಗಿದ ಮೇಲೆ ನಮ್ಮ ಹುನಗುಂದ, ಇಳಕಲ್ಲ ಕಡೆಯವರು ಗಾಡಿ ಮಾಡಿಕೊಂಡು ಗೋಕರ್ಣ, ಮುರ್ಡೇಶ್ವರ, ಮಲ್ಪೆಗೆ ಪ್ರವಾಸ ಹೋಗುವುದುಂಟು. ದುಡಿಯಲು ಗೋವಾ, ಮಂಗಳೂರಿಗೆ ಹೋಗುವ ಕುಟುಂಬಗಳೂ ಇವೆ. ನಮಗೆ ನೀರು ಹೊಸದಲ್ಲ. "ಮಲಪ್ರಭಾ ಹೊಳಿ ಕಂಡೇವಿ, ಕೂಡಲಸಂಗಮದಾಗ ಜಳಕ ಮಾಡೇವಿ, ಇದೇನ್ ಮಹಾ" ಅಂತ ಅನಿಸುತ್ತದೆ. ಆದರೆ ಸಮುದ್ರದ ನಡತೆ ಬೇರೆ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಅವರೂ ನಮ್ಮ ಮಕ್ಕಳ ಹಾಗೆ ಬಯಲುಸೀಮೆಯ ಮಕ್ಕಳು. ಅದಕ್ಕಾಗಿಯೇ ಈ ಪಾಠ.

ಅಲೆ ಹೇಗೆ ಏಳುತ್ತದೆ?

ಅಲೆಗೆ ಮುಖ್ಯ ಕಾರಣ ಗಾಳಿ. ಗಾಳಿ ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ದೂರ ನೀರಿನ ಮೇಲೆ ಬೀಸುತ್ತದೆಯೋ ಅಲೆ ಅಷ್ಟು ದೊಡ್ಡದಾಗುತ್ತದೆ. ದೂರದ ಸಮುದ್ರದಲ್ಲಿ ಬಿರುಗಾಳಿ ಎದ್ದರೆ, ದಡದಲ್ಲಿ ಗಾಳಿ ಇಲ್ಲದಿದ್ದರೂ ದೊಡ್ಡ ಅಲೆ ಬರಬಹುದು.

ಜೋಳದ ಹೊಲದಾಗ ಗಾಳಿ ಬೀಸಿದ್ದನ್ನು ನೆನಪು ಮಾಡಿಕೊಳ್ಳಿರಿ. ತೆನೆಗಳ ಮೇಲೆ ಅಲೆ ಈ ಬದುವಿನಿಂದ ಆ ಬದುವಿಗೆ ಓಡುತ್ತದೆ. ಆದರೆ ಜೋಳದ ದಂಟು ಇದ್ದಲ್ಲೇ ಇರುತ್ತದೆ! ಆಳ ಸಮುದ್ರದಲ್ಲೂ ಹೀಗೇ. ಅಲೆ ಮುಂದೆ ಹೋಗುತ್ತದೆ, ನೀರು ಮಾತ್ರ ಚಕ್ರದಂತೆ ಸುತ್ತಿ ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ, ತುದಿ ಮುಗ್ಗರಿಸಿ ಒಡೆಯುತ್ತದೆ. ಆಗ ನೀರೇ ದಡಕ್ಕೆ ನುಗ್ಗುತ್ತದೆ.

ಜೀವ ತೆಗೆಯುವ ಸೆಳವು

ದಡಕ್ಕೆ ನುಗ್ಗಿದ ನೀರು ವಾಪಸ್ ಹೋಗಲೇಬೇಕಲ್ಲವೇ? ಅದು ಕೆಲವು ಕಡೆ ಒಟ್ಟಾಗಿ, ಇಕ್ಕಟ್ಟಾದ ಹಾದಿಯಲ್ಲಿ ಜೋರಾಗಿ ಸಮುದ್ರದ ಕಡೆ ಹರಿಯುತ್ತದೆ. ಇದೇ ಸೆಳವು. ಇಲ್ಲೇ ನಾವು ಮೋಸ ಹೋಗುವುದು. ಎರಡೂ ಬದಿಗೆ ಅಲೆ ಒಡೆದು ಬಿಳಿ ನೊರೆ ಇರುತ್ತದೆ, ನಡುವಿನ ಪಟ್ಟಿ ಮಾತ್ರ ಶಾಂತವಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ ಬರ್ರಿ" ಅಂತ ಅದೇ ಜಾಗ ಆರಿಸುತ್ತೇವೆ. ಈಜು ಬಲ್ಲವರೂ ಸೆಳವಿಗೆ ಎದುರಾಗಿ ಈಜಿ ದಣಿದು ಮುಳುಗುತ್ತಾರೆ.

ಭರತ ಮತ್ತು ಇಳಿತ

ಮುಂಜಾನೆ ದಂಡೆಯಲ್ಲಿ ಚಪ್ಪಲಿ ಬಿಟ್ಟ ಜಾಗಕ್ಕೆ ಮಧ್ಯಾಹ್ನ ನೀರು ಬಂದಿರುತ್ತದೆ. ಇದು ಗಾಳಿಯ ಕೆಲಸವಲ್ಲ, ಚಂದ್ರ ಮತ್ತು ಸೂರ್ಯರ ಸೆಳೆತ. ಚಂದ್ರ ಹತ್ತಿರ ಇರುವುದರಿಂದ ಅವನ ಪ್ರಭಾವ ಸೂರ್ಯನ ಎರಡು ಪಟ್ಟಿಗಿಂತ ಹೆಚ್ಚು. ಚಂದ್ರನಿಗೆ ಎದುರಾದ ಬದಿಯಲ್ಲಿ ನೀರು ಉಬ್ಬುತ್ತದೆ. ಹಿಂಬದಿಯಲ್ಲಿ ಸೆಳೆತ ಕಡಿಮೆ ಆಗಿ, ಅಲ್ಲಿನ ನೀರು ಹಿಂದೆ ಉಳಿದು ಅದೂ ಉಬ್ಬುತ್ತದೆ. ಭೂಮಿ ತಿರುಗುವುದರಿಂದ ನಮ್ಮ ಕರಾವಳಿಗೆ ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇಳಿತಕ್ಕೆ ಆರು ತಾಸಿಗಿಂತ ಸ್ವಲ್ಪ ಹೆಚ್ಚು.

ಹುಣ್ಣಿಮೆ ಆದ ಮೇಲೆ ಚಂದ್ರ ದಿನದಿನಕ್ಕೆ ತಡವಾಗಿ ಮೂಡುವುದನ್ನು ನೀವೆಲ್ಲ ಕಂಡಿದ್ದೀರಿ. ಭರತವೂ ಹಾಗೆಯೇ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ-ಚಂದ್ರ-ಭೂಮಿ ಒಂದೇ ಸಾಲಿನಲ್ಲಿ ಬಂದು ಆ ದಿನ ಮತ್ತು ನಂತರದ ಒಂದೆರಡು ದಿನ ದೊಡ್ಡ ಭರತ. ಅಷ್ಟಮಿಯ ಹೊತ್ತಿಗೆ ಸಣ್ಣದು. ನಮ್ಮ ಕರಾವಳಿಯಲ್ಲಿ ಈ ಏರಿಳಿತ ಸುಮಾರು ಒಂದರಿಂದ ಎರಡು ಮೀಟರ್. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನಷ್ಟು!

ಕೂಡಲಸಂಗಮದ ನೀರು ಏರುವುದು ಚಂದ್ರನಿಂದಲ್ಲ. ಅದು ಘಟ್ಟದ ಮಳೆ, ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಿಂದ. ಅದಕ್ಕೇ ಹೊಳೆಯ ಲೆಕ್ಕ ಸಮುದ್ರಕ್ಕೆ ಒಪ್ಪುವುದಿಲ್ಲ.

ಕುಮಟಾ ಹತ್ತಿರದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ನಮ್ಮಂಥ ದುಡಿಯುವ ಹೆಂಗಸರು ಇಳಿತದ ವೇಳೆ ನೋಡಿಕೊಂಡೇ ಬಳಚು ಆರಿಸುತ್ತಾರೆ. ಭರತ ಬರುವ ಮೊದಲು ದಡ ಸೇರುತ್ತಾರೆ. ಅವರ ಬದುಕು ನಡೆಯುವುದೇ ಈ ಲೆಕ್ಕದ ಮೇಲೆ.

ಸುನಾಮಿ ಬೇರೆ

2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನ, ವೇಲಾಂಕಣಿಯಲ್ಲಿ ಅನೇಕ ಯಾತ್ರಿಕರು ಸುನಾಮಿಗೆ ಬಲಿಯಾದರು. ಅಂದು ಹುಣ್ಣಿಮೆ ಇದ್ದರೂ ಕಾರಣ ಚಂದ್ರನಲ್ಲ. ಸುಮಾತ್ರಾ ಬಳಿ ಸಮುದ್ರದ ತಳದಲ್ಲಿ ಆದ ಭೂಕಂಪ ಅದಕ್ಕೆ ಕಾರಣ. ಸಮುದ್ರ ಒಮ್ಮೆಲೇ ದೂರ ಹಿಂದೆ ಸರಿದರೆ ನೋಡುತ್ತಾ ನಿಲ್ಲಬಾರದು, ಎತ್ತರದ ಜಾಗಕ್ಕೆ ಓಡಬೇಕು.

ನೆನಪಿಡಿ

1. ಇಳಿಯುವ ಮೊದಲು ಜೀವರಕ್ಷಕರನ್ನು ಅಥವಾ ಮೀನುಗಾರರನ್ನು "ಈಗ ಭರತವೋ ಇಳಿತವೋ, ಸೆಳವು ಎಲ್ಲಿದೆ?" ಎಂದು ಕೇಳಿ. ಕೇಳಲು ನಾಚಿಕೆ ಬೇಡ.
2. ಕೆಂಪು ಬಾವುಟ ಇದ್ದಲ್ಲಿ ಕಾಲಿಡಬೇಡಿ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧವಿದೆ.
3. ಬಂಡೆಯ ಮೇಲೆ, ಮರಳ ದಿಬ್ಬದ ಮೇಲೆ ಕುಳಿತವರು ಹಿಂದಿನ ದಾರಿ ನೋಡುತ್ತಿರಿ. ಭರತ ದಾರಿ ಮುಚ್ಚುತ್ತದೆ.
4. ಸೆಳವಿಗೆ ಸಿಕ್ಕರೆ ಎದುರು ಈಜಬೇಡಿ. ತೇಲಿ, ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವು ದಾಟಿದ ಮೇಲೆ ದಡಕ್ಕೆ ತಿರುಗಿ.
5. ಮುಳುಗುವವರನ್ನು ಉಳಿಸಲು ಹಾರಬೇಡಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯಿರಿ. ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.
6. ಮಕ್ಕಳ ಕೈ ಬಿಡಬೇಡಿ. ಹತ್ತು ಜನಕ್ಕೆ ಒಬ್ಬರು ನೀರಿಗಿಳಿಯದೆ ದಂಡೆಯಲ್ಲಿ ಎಣಿಸುತ್ತಾ ನಿಲ್ಲಲಿ.

ಸಭೆಯಲ್ಲಿ ಚರ್ಚಿಸಿ

* ಹೊಳೆಯ ಸೆಳವಿಗೂ ಸಮುದ್ರದ ಸೆಳವಿಗೂ ಏನು ವ್ಯತ್ಯಾಸ?
* ನಮ್ಮ ಮುಂದಿನ ಪ್ರವಾಸದ ದಿನ ಅಮಾವಾಸ್ಯೆ, ಹುಣ್ಣಿಮೆಗೆ ಎಷ್ಟು ಹತ್ತಿರ? ಕ್ಯಾಲೆಂಡರ್ ತೆಗೆದು ನೋಡಿ.
* ದಂಡೆಯಲ್ಲಿ ನಿಂತು ಎಣಿಸುವವರು ಯಾರು? ಇಂದೇ ಹೆಸರು ಬರೆದು ನಿರ್ಣಯ ಪುಸ್ತಕದಲ್ಲಿ ದಾಖಲಿಸಿ.

ಸಮುದ್ರ ನೋಡಿ ಬರ್ರಿ, ದೇವರ ಸೃಷ್ಟಿ ಕಂಡು ಸಂತೋಷಪಡ್ರಿ. ಆದರೆ ಹೋದಷ್ಟೂ ಮಂದಿ ತಿರುಗಿ ಮನೆಗೆ ಬರಬೇಕು.