ಹಾಡುಗಾರನು ಉಪಾಧ್ಯಾಯನಾದ ಬಗೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಆಡಿದ ಮಾತಿಗೆ ಹೊಣೆಯಾಗುವುದು ಎಂದರೇನೆಂಬುದನ್ನು ದೊಡ್ಡ ಬೆಲೆ ತೆತ್ತು ಕಲಿತ ಕಲಾವಿದನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ. ಆತನೇ ಅಮೆರಿಕದ ಕೆ.ಆರ್.ಎಸ್.-ಒನ್. ನಿಜನಾಮ ಲಾರೆನ್ಸ್ ಪಾರ್ಕರ್. ಹುಟ್ಟಿದುದು 1965ರಲ್ಲಿ, ನ್ಯೂಯಾರ್ಕ್ ನಗರದಲ್ಲಿ.

ಮೊದಲು ಆತನ ಕಲೆಯ ವಿಚಾರ. ಹಿಪ್‌ಹಾಪ್ ಎಂಬುದು 1970ರ ದಶಕದಲ್ಲಿ ಆ ನಗರದ ಬ್ರಾಂಕ್ಸ್ ಭಾಗದ ಬಡ ತರುಣರು ಕಟ್ಟಿದ ಕಲೆ. 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ತರುಣನು ಹಾಡು ನುಡಿಸಿದ ಸಂತೋಷಕೂಟವನ್ನು ಅದರ ಹುಟ್ಟುಹಬ್ಬವೆಂದು ಎಣಿಸುವುದು ವಾಡಿಕೆ. ಗ್ರಾಮಫೋನ್ ತಟ್ಟೆಗಳನ್ನು ಕೈಯಿಂದ ತಿರುಗಿಸಿ ತಾಳ ಹೊರಡಿಸುವವನು ಒಬ್ಬ. ಆ ತಾಳಕ್ಕೆ ಪ್ರಾಸಬದ್ಧವಾಗಿ ಮಾತು ಹೆಣೆಯುವವನು ಇನ್ನೊಬ್ಬ. ಹೀಗೆ ಮಾತು ಹೆಣೆಯುವುದೇ ರಾಪ್. ವಾದ್ಯ ಕೊಳ್ಳಲು ಹಣವಿಲ್ಲದವನಿಗೂ ಮಾತೆಂಬ ಬಂಡವಾಳ ಉಂಟಷ್ಟೆ!

ಹದಿಹರೆಯದಲ್ಲಿಯೇ ಮನೆ ಬಿಟ್ಟ ಪಾರ್ಕರನು ಬ್ರಾಂಕ್ಸಿನ ನಿರ್ಗತಿಕರ ವಸತಿಗೃಹವನ್ನು ಸೇರಿದನು. ಅಲ್ಲಿ ಸಮಾಜಕಾರ್ಯಕರ್ತನಾಗಿದ್ದ ಸ್ಕಾಟ್ ಸ್ಟರ್ಲಿಂಗನ ಸ್ನೇಹವಾಯಿತು. ಇಬ್ಬರೂ 'ಬೂಗಿ ಡೌನ್ ಪ್ರೊಡಕ್ಷನ್ಸ್' ಎಂಬ ತಂಡ ಕಟ್ಟಿ 1987ರಲ್ಲಿ 'ಕ್ರಿಮಿನಲ್ ಮೈಂಡೆಡ್' ಎಂಬ ಗೀತಸಂಪುಟವನ್ನು ಹೊರತಂದರು. ಅದರ ಹೊದಿಕೆಯ ಚಿತ್ರದಲ್ಲಿ ಗೆಳೆಯರಿಬ್ಬರೂ ಆಯುಧಪಾಣಿಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಯಾರದೋ ಜಗಳವನ್ನು ಸಮಾಧಾನಪಡಿಸಲು ಹೋದ ಸ್ಕಾಟ್ ಗುಂಡೇಟಿಗೆ ಬಲಿಯಾದನು. ಚಿತ್ರದಲ್ಲಿ ಅಲಂಕಾರವಾಗಿದ್ದ ಬಂದೂಕು ಬೀದಿಯಲ್ಲಿ ಮೃತ್ಯುವಾಯಿತು.

ಈ ಪೆಟ್ಟಿನಿಂದ ಪಾರ್ಕರನ ದಾರಿ ತಿರುಗಿತು. ಹಿಂಸೆಯನ್ನು ನಿಲ್ಲಿಸಬೇಕೆಂಬ ಚಳವಳಿಯನ್ನು ಆರಂಭಿಸಿ, ಅನೇಕ ಕಲಾವಿದರನ್ನು ಒಂದುಗೂಡಿಸಿ, 1989ರಲ್ಲಿ 'ಸೆಲ್ಫ್ ಡಿಸ್ಟ್ರಕ್ಷನ್' ಎಂಬ ಹಾಡನ್ನು ಹೊರತಂದನು. ಅದರ ಆದಾಯ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಗೆ ಸಂದಿತು. ಅದೇ ವರ್ಷದ 'ಯು ಮಸ್ಟ್ ಲರ್ನ್' ಎಂಬ ಹಾಡಿನಲ್ಲಿ, ಪಂಚಾಂಗ ರಚಿಸಿದ ಬೆಂಜಮಿನ್ ಬ್ಯಾನೆಕರ್, ವಿದ್ಯುದ್ದೀಪದ ತಂತುವನ್ನು ಸುಧಾರಿಸಿದ ಲೂಯಿಸ್ ಲ್ಯಾಟಿಮರ್ ಮುಂತಾದ ಕಪ್ಪು ಜನಾಂಗದ ಮಹನೀಯರನ್ನು ಮಕ್ಕಳಿಗೆ ಪರಿಚಯಿಸಿದನು. ವಿಶ್ವವಿದ್ಯಾನಿಲಯಗಳಲ್ಲಿ ಉಪನ್ಯಾಸ ಕೊಟ್ಟನು. ಶಿಕ್ಷಣ, ಮನರಂಜನೆ ಎರಡನ್ನೂ ಬೆಸೆದ 'ಎಡ್ಯುಟೈನ್‌ಮೆಂಟ್' ಎಂಬ ಹೆಸರನ್ನು 1990ರ ಸಂಪುಟಕ್ಕೆ ಇಟ್ಟನು. ಜನರೂ ಆತನನ್ನು ಉಪಾಧ್ಯಾಯನೆಂದೇ ಕರೆದರು.

ಆದರೆ ಹೆಸರು ಬಂದ ಮಾತ್ರಕ್ಕೆ ಗುಣ ಬಂದೀತೆ? ಈತ ಯಾವುದರ ಉಪಾಧ್ಯಾಯನೆಂದು ಪಿ.ಎಂ. ಡಾನ್ ತಂಡದ ಗಾಯಕನೊಬ್ಬನು ಪ್ರಶ್ನಿಸಿದನು. 1992ರಲ್ಲಿ ಪಾರ್ಕರನು ಅದಕ್ಕೆ ಕೊಟ್ಟ ಉತ್ತರ ಮಾತಿನದಲ್ಲ. ಹಾಡುತ್ತಿದ್ದ ಆ ಗಾಯಕನನ್ನು ವೇದಿಕೆಯಿಂದ ತಳ್ಳಿದನು. ಹಿಂಸೆ ಬೇಡವೆಂದವನ ಕೈಯೇ ಮೇಲೆದ್ದಿತು. ಆತನ ಅಭಿಮಾನಿಗಳು ಈ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ಪರರಿಗೆ ಹೇಳುವ ಪಾಠವನ್ನು ಹೇಳುವವನೂ ಕಲಿಯುತ್ತಿರಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆತನು ಕೆಲಸವನ್ನಂತೂ ಬಿಡಲಿಲ್ಲ. 1996ರಲ್ಲಿ 'ಟೆಂಪಲ್ ಆಫ್ ಹಿಪ್‌ಹಾಪ್' ಸಂಸ್ಥೆಯನ್ನು ಸ್ಥಾಪಿಸಿದನು. 2009ರಲ್ಲಿ ತನ್ನ ವಿಚಾರಗಳನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದನು.

ಪದವಿ ಪಡೆದು ನಾಳೆ ಉಪಾಧ್ಯಾಯರಾಗಲಿರುವವರು ನಮ್ಮಲ್ಲಿ ಅನೇಕರಿದ್ದೇವೆ. ಚೆನ್ನಾಗಿ ಮಾತನಾಡುವುದು ಆ ವೃತ್ತಿಯ ಅರ್ಧ ಮಾತ್ರ. ಆಡಿದ ಮಾತು ಯಾರ ಬಾಳಿನಲ್ಲಿ ಏನಾಯಿತೆಂದು ಹಿಂದಿರುಗಿ ನೋಡುವುದು ಉಳಿದ ಅರ್ಧ. 'ಯಾವುದರ ಉಪಾಧ್ಯಾಯ?' ಎಂಬ ಆ ಪ್ರಶ್ನೆ ನಮಗೂ ಎದುರಾಗದೆ ಇರದು.